ಗೇಟಿನ ಮುಂದಿನ ಪ್ಯಾನ್ಸಿ

ಆ ಸಲ ಶಿವರಾತ್ರಿಗೆ ಮುಂಚೆ ನಮ್ಮ ರಸ್ತೆಯವರೆಲ್ಲ ಸೇರಿ ಪ್ರತಿ ಮನೆಯ ಗೇಟಿನ ಮುಂದೂ ಪ್ಯಾನ್ಸಿ ಹೂವಿನ ಸಸಿ ನೆಟ್ಟಿದ್ದೆವು. ಬಸವೇಶ್ವರನಗರದ ಬಿಸಿಲಿಗೆ ಅವು ಎಷ್ಟು ದಿನ ತಡೆಯುತ್ತವೋ ಅನ್ನೋದೇ ನನಗೆ ದಿಗಿಲು. ಸ್ಟ್ರೋಕ್ ಆಗಿ ಬಲಗೈ ಸ್ವಾಧೀನ ತಪ್ಪಿದ ಮೇಲೆ ನಮ್ಮ ಯಜಮಾನರು ಮಂಚ ಬಿಟ್ಟು ಏಳ್ತಿದ್ದದ್ದು ಆ ಹೂವು ನೋಡೋಕೆ ಮಾತ್ರ. ನೇರಳೆ, ಹಳದಿ, ನಡುವೆ ಕಪ್ಪು ಮಚ್ಚೆ. "ಮೀಸೆ," ಅಂತ ಸೊಟ್ಟಗಾದ ಬಾಯಲ್ಲೇ ನಗೋರು.

ಫಿಸಿಯೋಥೆರಪಿಯವರು ಕಡಲೆಕಾಳು ಕೊಟ್ಟು, ಬಲಗೈ ಬೆರಳಲ್ಲೇ ತಟ್ಟೆಯಿಂದ ಒಂದೊಂದೇ ಎತ್ತಿಸಿ ಬಟ್ಟಲಿಗೆ ಹಾಕಿಸಿ ಅಂದಿದ್ದರು. ಇವರು ತಟ್ಟೆಯನ್ನೇ ತಳ್ಳಿಬಿಡೋರು. "ಈ ಕೈ ಇನ್ನು ಇಷ್ಟೇ ಕಣೇ." ಚೆಲ್ಲಿದ ಕಾಳನ್ನ ನಾನೇ ಆರಿಸಿ ಮತ್ತೆ ತಟ್ಟೆಗೆ ಹಾಕಿಡ್ತಿದ್ದೆ.

ನಮ್ಮ ಕಡೆ ಗೊತ್ತಲ್ಲ, ಬೆಳಗಿನ ವಾಕಿಂಗ್ ಅಂದ್ರೆ ಕೈಯಲ್ಲೊಂದು ಪ್ಲಾಸ್ಟಿಕ್ ಕವರ್. ಪೂಜೆಗೆ ಅಂತ ಕಂಡವರ ಮನೆ ಹೂವೆಲ್ಲ ಅದರೊಳಗೆ. ಎಪ್ಪತ್ತು ದಾಟಿದ ಮೂಲೆಮನೆ ಆಂಟಿ ಇದರಲ್ಲಿ ಎತ್ತಿದ ಕೈ. ನಾನು ಹಾಲು ಕಾಯಿಸ್ತಾ ಕಿಟಕಿಯಿಂದ ಅವರನ್ನೇ ಕಾಯ್ತಿದ್ದೆ.

ಒಂದು ಬೆಳಗ್ಗೆ ಸ್ನಾನ ಮುಗಿಸಿ ಬಂದು ನೋಡ್ತೀನಿ, ಗೇಟಿನ ಮುಂದೆ ಒಂದೇ ಒಂದು ಹೂವಿಲ್ಲ! ಎರಡು ಮನೆ ಆಚೆ ಆಂಟಿ ದಾಸವಾಳ ಕೀಳ್ತಿದ್ರು. ಒದ್ದೆ ತಲೆಯಲ್ಲೇ ಓಡಿದೆ.

"ಅಷ್ಟೂ ಗೊತ್ತಾಗಲ್ವಾ ನಿಮಗೆ? ನಮ್ಮ ಮನೆಯವರ ಜೀವ ಕಣ್ರೀ ಆ ಹೂವು!"

ಆಂಟಿ ಕವರ್ ಬಿಚ್ಚಿ ತೋರಿಸಿದರು. ದಾಸವಾಳ, ಕಣಗಿಲೆ, ಅಷ್ಟೇ. "ಅಯ್ಯೋ, ಆ ಇಂಗ್ಲಿಷ್ ಹೂವನ್ನ ಯಾವ ದೇವರಿಗೆ ಏರಿಸ್ತಾರಮ್ಮ?"

ನಾಚಿಕೆಯಿಂದ ಮುಖ ಎತ್ತೋಕಾಗದೆ ಮನೆಗೆ ಬಂದೆ. ಮಂಚ ಖಾಲಿ! ಒಂದೊಂದೇ ರೂಮು ಇಣುಕಿದೆ.

ದೇವರ ಮನೆಯಲ್ಲಿ ಇದ್ದರು. ಒಂದೊಂದು ಫೋಟೋ ಮುಂದೂ ಒಂದೊಂದು ಪ್ಯಾನ್ಸಿ. ಒಂದು ಗಿಡವಂತೂ ಬೇರು, ಮಣ್ಣು ಸಮೇತ ಗಣೇಶನ ಪಕ್ಕ ಬಿದ್ದಿತ್ತು. ಕೊನೆಯ ಹೂವು ಇನ್ನೂ ಇವರ ಬಲಗೈಯ ಎರಡು ಬೆರಳ ನಡುವೆ ಇತ್ತು. ಕೈ ಗಡಗಡ ನಡುಗ್ತಿತ್ತು. ಹೂವು ಬೀಳಲಿಲ್ಲ.

"ನೀನು ಸ್ನಾನಕ್ಕೆ ಹೋಗಿದ್ಯಲ್ಲ... ಪೂಜೆಗೆ ನಾನೇ ಕಿತ್ತೆ," ಅಂದರು.

ಅಲ್ಲೇ ಕೂತು ಅತ್ತುಬಿಟ್ಟೆ. ಆಂಟಿ ಮನೆಗೆ ಹೋಗಿ ತಪ್ಪಾಯ್ತು ಅಂತ ಕೇಳಿಕೊಳ್ಳಬೇಕಿತ್ತು. ಅದಕ್ಕೂ ಮುಂಚೆ ಗೇಟಿಗೆ ಓಡಿ, ಬಗ್ಗಿ ಎಲೆ ಸರಿಸಿ ಸರಿಸಿ ಹುಡುಕಿದೆ, ನಾಳೆ ಇವರು ಕೀಳೋಕೆ ಮೊಗ್ಗು ಉಳಿದಿದೆಯೋ ಇಲ್ಲವೋ ಅಂತ.