ಗುನ್ವೋರ್ ಓಡಿಸಿದ ಅಫ್ರಾಮನ ಪಾಳಿ

ಡಿಪೋದ ಟ್ರಾಮ್ ಚಾಲಕರು ಗುನ್ವೋರಳಿಗೆ ಇಟ್ಟಿದ್ದ ಹೆಸರು ‘ಫ್ರಿಜ್’. ಅವರ ಪಾಳಿ, ರಜೆ, ಕಾಯಿಲೆ ಎಲ್ಲವನ್ನೂ ನೋಡಿಕೊಳ್ಳುವ ಮೇಲ್ವಿಚಾರಕಿ ಅವಳು. ಎದುರಿಗೇ ಹಾಗೆ ಕರೆದರೂ ಬೇಸರಪಟ್ಟುಕೊಳ್ಳುತ್ತಿರಲಿಲ್ಲ. ನಗುವವರ ನಡುವೆ ಕಾಫಿ ಕುಡಿದು, ಲೋಟ ತೊಳೆದಿಟ್ಟು ಎದ್ದು ಹೋಗುತ್ತಿದ್ದಳು.

ಮೊದಲು ಅವಳೂ ಬಂದರಿನ ದಾರಿಯಲ್ಲಿ ಟ್ರಾಮ್ ಓಡಿಸುತ್ತಿದ್ದವಳೇ. ಒಂದು ವಸಂತದ ಬೆಳಿಗ್ಗೆ ಮೀನುಪೇಟೆಯ ತಿರುವಿನಲ್ಲಿ ಮುದುಕನೊಬ್ಬ ಹಳಿಗೆ ಇಳಿದು, ಅವಳ ಗಾಡಿಗೆ ಸಿಕ್ಕಿ ಸತ್ತ. ಆಗಿನ ಮೇಲಧಿಕಾರಿ ಅವಳ ಕೈಗೆ ಕಾಫಿ ಕೊಟ್ಟು, “ನಿನ್ನ ತಪ್ಪಿಲ್ಲ ಅಂತ ಕ್ಯಾಮೆರಾದಲ್ಲೇ ಇದೆಯಲ್ಲ, ಇನ್ನೇನು ಬೇಕು?” ಎಂದು ಅಂದು ಮಧ್ಯಾಹ್ನವೇ ಇನ್ನೊಂದು ಗಾಡಿ ಹತ್ತಿಸಿದ. ಅವಳು ಓಡಿಸಿದಳು. ಹಲ್ಲು ಕೀಳುವಾಗ ಕೊಟ್ಟ ಇಂಜೆಕ್ಷನ್ ಇಳಿಯದೇ ಉಳಿದ ಹಾಗೆ ಅಂದಿನಿಂದ ಅವಳೊಳಗೆ ಒಂದು ಜೋಮು ಕೂತಿತು. ತಾಯಿಯನ್ನು ಮಣ್ಣು ಮಾಡುವಾಗಲೂ, ಬಂದವರಿಗೆಲ್ಲ ಕೇಕ್ ಸಾಕಾಗುತ್ತದೋ ಇಲ್ಲವೋ ಎಂದಷ್ಟೇ ಯೋಚಿಸುತ್ತಿದ್ದಳು.

ನವೆಂಬರಿನಲ್ಲಿ ಚಾಲಕ ಅಫ್ರಾಮನ ಟ್ರಾಮಿನಡಿಗೆ ಒಬ್ಬ ಹುಡುಗಿ ಸಿಕ್ಕಳು. ಒದ್ದೆ ಎಲೆಗಳ ಮೇಲೆ ಸೈಕಲ್ ಜಾರಿತ್ತು. ಸುದ್ದಿ ಬಂದಾಗ ಸಂಚಾರದ ಮುಖ್ಯಸ್ಥ ಸ್ಟೆಲ್ಲನ್, “ನೀನು ಎಲ್ಲೂ ಹೋಗ್ಬೇಡ. ಇಡೀ ಲೈನು ನಿಂತ್ಹೋಗಿದೆ, ಗಾಡಿಗಳನ್ನ ಬೇರೆ ದಾರಿಗೆ ತಿರುಗಿಸ್ಬೇಕು. ಅವನ ಹತ್ರ ಪೊಲೀಸರಿದ್ದಾರೆ” ಎಂದ.

ಗುನ್ವೋರ್ ಕೋಟು ಹಾಕಿಕೊಂಡಳು. “ತಿರುಗಿಸೋಕೆ ನಿಂಗೂ ಬರುತ್ತೆ” ಎಂದು ಹೊರಟಳು.

ಅಫ್ರಾಮ್ ರಸ್ತೆಯಂಚಿನ ಕಲ್ಲಿನ ಮೇಲೆ ಕೂತಿದ್ದ. ಯಾರೋ ಅವನ ಹೆಗಲಿಗೆ ಕಂಬಳಿ ಹೊದಿಸಿದ್ದರು. ಅವಳು ಹೋಗಿ ಪಕ್ಕದಲ್ಲಿ ಕೂತಳು.

“ನಾನು ಬೆಲ್ ಹೊಡೆದೆ” ಎಂದ.

“ಹ್ಞೂಂ.”

“ಹೊಡೆದೆ, ಗುನ್ವೋರ್.”

“ಹ್ಞೂಂ, ಹೊಡೆದೆ.”

ಅವನು ಅದನ್ನೇ ಹೇಳುತ್ತಾ ಹೋದ. ಪ್ರತಿ ಸಲವೂ ಮೊದಲ ಸಲ ಕೇಳಿದವಳ ಹಾಗೆ ಅವಳು ಹೂಂಗುಟ್ಟಿದಳು. ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಕಲ್ಲಿನ ತಂಪು ಪ್ಯಾಂಟಿನೊಳಗೆ ಇಳಿಯುತ್ತಿದ್ದುದಷ್ಟೇ ತಿಳಿಯುತ್ತಿತ್ತು.

ಅವನನ್ನು ತನ್ನ ಕಾರಿನಲ್ಲೇ ಮನೆಗೆ ಕರೆದೊಯ್ದಳು. ಬಾಗಿಲು ತೆರೆದ ಹೆಂಡತಿ ಶಮೂನಿಗೆ ನಡೆದದ್ದನ್ನು ತಾನೇ ಹೇಳಿದಳು, ಅವನ ಬಾಯಿಂದ ಬರುವುದು ಬೇಡವೆಂದು. ಶಮೂನಿ ಅತ್ತು ಮುಗಿಸಿ, ಕಣ್ಣೊರೆಸಿಕೊಂಡು, ಎಲೆಕೋಸಿನ ಸುರುಳಿ ತಂದು ಅವಳ ಮುಂದಿಟ್ಟಳು. ಗುನ್ವೋರ್ ತಟ್ಟೆ ಖಾಲಿ ಮಾಡಿದಳು. ಬೇಡವೆಂದರೆ ಆ ಹೆಂಗಸಿಗೆ ಅದೂ ಒಂದು ಕಷ್ಟ.

ಹುಡುಗಿ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆ ಸುದ್ದಿ ಪತ್ರಿಕೆಯಲ್ಲಿ ಬರುವ ಮೊದಲೇ ಗುನ್ವೋರ್ ಅವನ ಮನೆಗೆ ಹೋಗಿ ಹೇಳಿ ಬಂದಳು. ಆಮೇಲೆ ದಿನವೂ ಫೋನ್ ಮಾಡಿದಳು. “ಇವತ್ತು ಬರ್ಬೇಡ. ಏನು ತಿಂದೆ?” ಇಷ್ಟೇ ಮಾತು.

ಕ್ರಿಸ್ಮಸ್ ಕಳೆದ ಮೇಲೆ ಅವನು ಸುಮ್ಮನೆ ಬಂದು ಡಿಪೋದಲ್ಲಿ ಕೂರತೊಡಗಿದ. ಅವನು ಕಾಲಿಟ್ಟೊಡನೆ ಕಾಫಿ ಕೋಣೆ ಮೌನವಾಗುತ್ತಿತ್ತು. ಗುನ್ವೋರ್ ಚಾಲಕರನ್ನು ಕರೆದು, “ಅವನು ಬಂದಾಗ ಮಾತು ನಿಲ್ಲಿಸ್ಬೇಡಿ. ಬೈತಿದ್ರೆ ಬೈತಾನೇ ಇರಿ” ಎಂದಳು.

“ಯಾರನ್ನ ಬೈಯೋಣ?” ಎಂದ ಓಕೆ ಎಂಬ ಹಿರಿಯ ಚಾಲಕ.

“ಯಾವಾಗ್ಲೂ ಬೈಯೋದು ನನ್ನನ್ನ ತಾನೆ?”

ಎಲ್ಲರೂ ನಕ್ಕರು. ಅವಳು ಲೋಟ ತೊಳೆಯಲು ಎದ್ದಳು.

ಚಳಿಗಾಲದ ಜ್ವರಕ್ಕೆ ಅರ್ಧ ಡಿಪೋ ಮಲಗಿದಾಗ ಸ್ಟೆಲ್ಲನ್ ರೇಗಿದ. “ಇದೇನು ಆರಾಮ್‌ಧಾಮನಾ? ಅಫ್ರಾಮ್ ಗಾಡಿ ಹತ್ತಲಿ, ಇಲ್ಲ ಅಂದ್ರೆ ಕೆಲಸ ಬಿಡ್ಲಿ.”

“ಅವನ ಪಾಳಿ ನಾನು ಓಡಿಸ್ತೀನಿ.”

“ನೀನಾ? ಗಾಡಿ ಮುಟ್ಟಿ ಯಾವ ಕಾಲ ಆಯ್ತು?”

“ಅದು ನನ್ನ ತಲೆನೋವು. ಅವನ ಕೆಲಸಕ್ಕೆ ಕೈ ಹಾಕ್ಬೇಡ.”

ಒಬ್ಬ ತರಬೇತುದಾರನ ಜೊತೆ ಕೆಲವು ಸುತ್ತು ಹೊಡೆದು, ಆಮೇಲೆ ಅವಳೊಬ್ಬಳೇ ಹೊರಟಳು. ಮೀನುಪೇಟೆಯ ತಿರುವು ಬಂತು. ಏನಾದರೂ ಆದೀತೆಂದು ಕಾದಳು. ಎದೆ ಹೊಡೆದುಕೊಳ್ಳಲಿಲ್ಲ. ಆದರೆ ಹಳಿಯ ಮೇಲೆ ನರಪಿಳ್ಳೆ ಇಲ್ಲದಿದ್ದರೂ ಅವಳ ಕಾಲು ಬೆಲ್ಲಿನ ಪೆಡಲನ್ನು ಒತ್ತಿ ಹಿಡಿದಿತ್ತು. ಮುಂದಿನ ಸೀಟಿನ ಅಜ್ಜಿ, “ಕಿವಿ ಹೋಯ್ತಲ್ಲೇ ತಾಯಿ” ಎಂದ ಮೇಲೇ ಕಾಲು ತೆಗೆದದ್ದು.

ಹಿಮ ಕರಗುತ್ತಿದ್ದ ಒಂದು ಮಧ್ಯಾಹ್ನ ಅಫ್ರಾಮ್ ಅವಳ ಗಾಡಿ ಹತ್ತಿ ಬೆನ್ನ ಹಿಂದೆ ಬಂದು ನಿಂತ. ಗಾಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನ ಗಾಡಿಗೆ ಆ ಹುಡುಗಿ ಸಿಕ್ಕ ಜಾಗ ದಾಟಿತು. ಯಾರೋ ಅಲ್ಲಿ ಹೂವಿಟ್ಟಿದ್ದರು.

“ನನ್ನ ಕೈಲಿ ಆಗಲ್ಲ ಗುನ್ವೋರ್. ಇನ್ಮೇಲೆ ಓಡ್ಸೋಕೇ ಆಗಲ್ಲ.”

“ಸರಿ.”

“ಸರಿ ಅಂದ್ರೆ? ಇಷ್ಟೆಲ್ಲ ಮಾಡಿದ್ದೀಯ ನಂಗೆ.”

“ನೀನು ಓಡಿಸ್ಲಿ ಅಂತ ಮಾಡಿದ್ದಲ್ಲ.”

“ಮತ್ಯಾಕೆ?”

ಮುಂದಿನ ನಿಲ್ದಾಣದಲ್ಲಿ ಅವಳು ಬಾಗಿಲು ತೆರೆದು ಮುಚ್ಚಿದಳು. “ಮೀನುಪೇಟೇಲಿ ಅವತ್ತು ನನ್ನ ಹತ್ರ ಯಾರೂ ಬರ್ಲಿಲ್ಲ. ಬರ್ದಿದ್ರೆ ಏನಾಗುತ್ತೆ ಅಂತ ಗೊತ್ತು.”

“ಏನಾಗುತ್ತೆ?”

“ಏನೂ ಆಗಲ್ಲ. ಏನೇ ನಡೆದ್ರೂ ಒಳಗೆ ಏನೂ ಆಗಲ್ಲ.”

ಅಫ್ರಾಮ್ ಅಳತೊಡಗಿದ. ಅವಳು ಹಳಿ ನೋಡುತ್ತಾ, ತಿರುವುಗಳಲ್ಲಿ ಅವನು ಬೀಳದ ಹಾಗೆ ನಿಧಾನವಾಗಿ ಓಡಿಸಿದಳು. ಕೊನೆಯ ನಿಲ್ದಾಣದಲ್ಲಿ ಅವನು ಇಳಿಯಲಿಲ್ಲ, ಅವಳೂ ಇಳಿಸಲಿಲ್ಲ.

ಅವನನ್ನು ವರ್ಕ್‌ಶಾಪಿಗೆ ಹಾಕಿಸಲು ಅವಳು ಸ್ಟೆಲ್ಲನ್ ಜೊತೆ ಮತ್ತೆ ಜಗಳವಾಡಬೇಕಾಯಿತು. ಅಫ್ರಾಮ್ ಈಗ ಕೆಟ್ಟ ಬಾಗಿಲುಗಳನ್ನು ರಿಪೇರಿ ಮಾಡುತ್ತಾನೆ. ಮೊದಲಿನಷ್ಟು ಮಾತಿಲ್ಲ, ಆದರೆ ಯಾರಾದರೂ ರೇಗಿಸಿದರೆ ತಿರುಗಿಸಿ ಕೊಡುತ್ತಾನೆ. ಹಳಿ ದಾಟಲು ಮಾತ್ರ ಹೆಂಡತಿಯ ಕೈ ಹಿಡಿಯುತ್ತಾನೆ.

ಮರುವರ್ಷ ಓಕೆಯ ಗಾಡಿ ಒಂದು ಕಾರಿಗೆ ಗುದ್ದಿತು. ಕಾರಿನೊಳಗಿದ್ದವರ ಸ್ಥಿತಿ ಏನೆಂದು ಇನ್ನೂ ತಿಳಿದಿರಲಿಲ್ಲ. ಗುನ್ವೋರ್ ಕೋಟಿಗೆ ಕೈ ಹಾಕುವಷ್ಟರಲ್ಲಿ ಸ್ಟೆಲ್ಲನ್ ತನ್ನದನ್ನು ಹಾಕಿಕೊಂಡಾಗಿತ್ತು. ಬಾಗಿಲಲ್ಲಿ ನಿಂತು ತಡವರಿಸಿದ.

“ಅಲ್ಲಿ ಹೋಗಿ ಏನು ಹೇಳ್ಲಿ?”

“ಏನೂ ಹೇಳ್ಬೇಡ. ಫೋನ್ ಆಫ್ ಮಾಡ್ಕೊ.”

ಅವನು ಓಡಿದ. ಗುನ್ವೋರ್ ಅವನ ಕುರ್ಚಿಯಲ್ಲಿ ಕೂತು ಗಾಡಿಗಳನ್ನು ಒಂದೊಂದಾಗಿ ಬೇರೆ ದಾರಿಗೆ ತಿರುಗಿಸತೊಡಗಿದಳು.