ತಂಗಿಯ ಪಾಠ ಕೇಳಲು ರಾಬರ್ಟ್‌ಸನ್‌ಪೇಟೆಗೆ

ಭಾನುವಾರ ಬೆಳಗಿನ ಹಾಲಿನ ಕೆಲಸ ಮುಗಿಸಿ, ಕ್ಯಾನುಗಳನ್ನು ಗಾಡಿಗೆ ಏರಿಸಿ, ಕೈಕಾಲು ತೊಳೆದುಕೊಂಡು ನಾನು ಬೂದಿಕೋಟೆ ಬಸ್ ನಿಲ್ದಾಣಕ್ಕೆ ಬಂದೆ. ನನ್ನ ತಂಗಿ ಮಂಜುಳ ಆಗಲೇ ಬಸ್ಸಿನಲ್ಲಿ ಕುಳಿತು, ಪಕ್ಕದ ಸೀಟಿನ ಮೇಲೆ ಚೀಲವಿಟ್ಟು ನನಗೆ ಜಾಗ ಹಿಡಿದಿದ್ದಳು. ಅವಳು ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯ ಒಂದು ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಡುತ್ತಾಳೆ, ಅಲ್ಲೇ ಒಂದು ರೂಮು ಮಾಡಿಕೊಂಡಿದ್ದಾಳೆ, ರಜೆಗೆ ಊರಿಗೆ ಬರುತ್ತಾಳೆ. ಆ ದಿನ ಮಧ್ಯಾಹ್ನ ಅಲ್ಲಿನ ಓದುಗರ ಕೂಟದಲ್ಲಿ ಮೊದಲ ಬಾರಿಗೆ ಹೊರಗಿನ ಜನರ ಮುಂದೆ ಮಾತಾಡುವವಳಿದ್ದಳು. ಮನುಷ್ಯನಿಗೆ ತನ್ನ ಮೇಲೆಯೇ ಹುಟ್ಟುವ ಅನುಮಾನದ ಬಗ್ಗೆ ಮಾತು.

ನನ್ನನ್ನು ಕರೆದವಳು ಅವಳೇ. "ಬಂದು ಮುಂದಿನ ಸಾಲಲ್ಲಿ ಕುಂತ್ಕೋ ಅಣ್ಣ. ಕೊನೇಲಿ, ನೀನು ನನ್ನ ಯಾವಾಗ್ಲೂ ಕೇಳ್ತೀಯಲ್ಲ, ಅದನ್ನೇ ಎಲ್ರ ಮುಂದೆ ಕೇಳು" ಎಂದಿದ್ದಳು. ಅಂದಿನಿಂದ ನನಗೆ ಸರಿಯಾಗಿ ಊಟ ಸೇರಿರಲಿಲ್ಲ.

ಯಾಕೆಂದು ಹೇಳುತ್ತೇನೆ. ನಾನು ಓದಿದ್ದು ಏಳನೆಯ ತರಗತಿಯವರೆಗೆ. ನಮ್ಮ ಹಳ್ಳಿಯ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವುದು ನನ್ನ ಕೆಲಸ. ಯಾರ ಹಾಲಾದರೂ ನೀರು ಬೆರೆತಿದೆಯೇ ಎಂದು ಲ್ಯಾಕ್ಟೋಮೀಟರ್ ಬಿಟ್ಟು ನೋಡುತ್ತೇನೆ. ಮನಸ್ಸು ಒಪ್ಪದಿದ್ದರೆ ಮತ್ತೊಮ್ಮೆ ಬಿಡುತ್ತೇನೆ. ಅಪ್ಪ ತೀರಿಕೊಂಡು ಮನೆಯ ಹೊಣೆ ಬಂದಾಗ ಈ ಅಭ್ಯಾಸವನ್ನು ಮನೆಯೊಳಕ್ಕೂ ತಂದೆ. ಮಂಜುಳ ಏನು ಹೇಳಿದರೂ "ಗ್ಯಾರಂಟಿನಾ?" ಎಂದು ಕೇಳುತ್ತಿದ್ದೆ. ಕೊಟ್ಟಿಗೆಯ ಅಗುಳಿ ಹಾಕಿದೆ ಎಂದರೆ ಗ್ಯಾರಂಟಿನಾ, ಪರೀಕ್ಷೆ ಚೆನ್ನಾಗಿ ಬರೆದೆ ಎಂದರೆ ಗ್ಯಾರಂಟಿನಾ. ಮೊದಮೊದಲು ಹೌದು ಎನ್ನುತ್ತಿದ್ದಳು. ಬರುಬರುತ್ತಾ ನಾನು ಕೇಳುವ ಮುಂಚೆಯೇ ಎದ್ದು ಹೋಗಿ ಅಗುಳಿ ಮುಟ್ಟಿ ಬರುತ್ತಿದ್ದಳು. ಬಂದು ಕುಳಿತು, ಮತ್ತೆ ಏಳುತ್ತಿದ್ದಳು. ನಾನು ಅದನ್ನು ಜವಾಬ್ದಾರಿ ಎಂದುಕೊಂಡೆ.

ಬಸ್ಸು ಹೊರಡುವಾಗ ನಮ್ಮ ಡೈರಿಗೆ ಹಾಲು ಹಾಕುವ ಗೌರಮ್ಮ ಹತ್ತಿದಳು. "ಏನಣ್ಣೋ ನಾರಾಯಣಪ್ಪ, ಡೈರಿ ಬುಟ್ಟು ಎಲ್ಲಿಗೆ ಒಂಟೆ?"

"ಕೆ.ಜಿ.ಎಫ್.ಗೆ. ಮಂಜುಳಂದು ಭಾಷಣ ಐತೆ."

"ಅಂಗಾದ್ರೆ ಸಾಯಂಕಾಲ ನೀನಿರಲ್ಲ. ಸದ್ಯ, ಒಂದು ಚೊಂಬು ನೀರು ಜಾಸ್ತಿ ಉಯ್ಯಬೋದು ಬುಡು!"

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಮಂಜುಳ ಆಧಾರ್ ಕಾರ್ಡು ತೋರಿಸಿ ಹೆಂಗಸರ ಉಚಿತ ಟಿಕೆಟ್ ತೆಗೆದುಕೊಂಡಳು, ನಾನು ಇಪ್ಪತ್ತು ಚಿಲ್ಲರೆ ಕೊಟ್ಟೆ. ಬಿಸಿಲು ಆಗಲೇ ಏರಿತ್ತು. ಎರಡು ಕಡೆಯೂ ರಾಗಿ ಕೊಯ್ದ ಹೊಲ, ಅಲ್ಲಲ್ಲಿ ಟೊಮೆಟೊ, ದೂರದಲ್ಲಿ ಬಂಡೆಗುಡ್ಡ.

ಬಂಗಾರಪೇಟೆಯಲ್ಲಿ ಇಳಿದು ರೈಲು ನಿಲ್ದಾಣಕ್ಕೆ ನಡೆದೆವು. ಪ್ಲಾಟ್‌ಫಾರಂ ಮೇಲಿನ ಕಲ್ಲುಬೆಂಚು ಕಂಡಾಗ ನನ್ನ ಕಾಲು ನಿಧಾನವಾಯಿತು. ಕೆಲವು ವರ್ಷಗಳ ಹಿಂದೆ, ಅವಳು ಡಿಗ್ರಿ ಮುಗಿಸಿದ ಹೊಸದರಲ್ಲಿ, ಒಂದು ಶಾಲೆಯ ಸಂದರ್ಶನಕ್ಕೆ ಹೊರಟು ನಾವಿಬ್ಬರೂ ಇದೇ ಬೆಂಚಿನಲ್ಲಿ ಕುಳಿತಿದ್ದೆವು. ಸರ್ಟಿಫಿಕೇಟ್ ಇಟ್ಟುಕೊಂಡಿದ್ದೀಯಾ, ಗ್ಯಾರಂಟಿನಾ ಎಂದೆ. ಚೀಲ ಬಿಚ್ಚಿ ನೋಡಿದಳು. ಕೇಳಿದ್ದಕ್ಕೆ ಉತ್ತರ ಹೇಳ್ತೀಯಾ, ಗ್ಯಾರಂಟಿನಾ ಎಂದೆ. ಮತ್ತೆ ಚೀಲ ಬಿಚ್ಚಿದಳು, ಉತ್ತರವೂ ಅದರಲ್ಲೇ ಇದೆ ಎನ್ನುವಂತೆ. ರೈಲು ಬಂದು ನಿಂತಾಗ ಅವಳ ಕಾಗದಗಳೆಲ್ಲ ಬೆಂಚಿನ ಮೇಲೆ ಹರಡಿದ್ದವು. "ಇದೇ ರೈಲಾ ಅಣ್ಣ?" ಎಂದಳು. ಇದೇ ಎಂದು ನಾನು ಹೇಳಿದರೂ ನಂಬಲಿಲ್ಲ. ರೈಲು ಹೊರಟುಹೋಯಿತು. ಅಲ್ಲಿಂದ ಎರಡು ವರ್ಷ ಅವಳು ಹಸು ಮೇಯಿಸುವುದಕ್ಕೆ ಬಿಟ್ಟರೆ ಮನೆಯಿಂದ ಹೊರಗೆ ಹೋಗಲಿಲ್ಲ.

ಈ ಸಲ ನಾನು ಬಾಯಿ ಬಿಗಿಹಿಡಿದು ನಿಂತೆ. ಹತ್ತತ್ತು ರೂಪಾಯಿಯ ಟಿಕೆಟ್ ಅವಳೇ ತಂದಳು. ಮಾರಿಕುಪ್ಪಂ ಕಡೆಯ ರೈಲು ಬಂತು. ಯಾರನ್ನೂ ಕೇಳದೆ ಹತ್ತಿದಳು, ನಾನು ಹಿಂದೆ ಹತ್ತಿದೆ.

ರೈಲಿನಲ್ಲಿ ಕಿಟಕಿ ಪಕ್ಕ ಕುಳಿತು, ನಾನು ಇದುವರೆಗೆ ಕೇಳದಿದ್ದ ಕಥೆ ಹೇಳಿದಳು. ಮನೆಯಲ್ಲಿದ್ದ ಆ ಎರಡು ವರ್ಷದಲ್ಲಿ ಅಂಚೆಯ ಮೂಲಕ ತತ್ವಶಾಸ್ತ್ರದ ಎಂ.ಎ. ಕಟ್ಟಿದ್ದಳು. ಅದು ನನಗೆ ಗೊತ್ತಿತ್ತು, ಯಾವ ಕೆಲಸಕ್ಕೆ ಬರುತ್ತೆ ಎಂದು ಗೊಣಗಿಯೂ ಇದ್ದೆ. ಹಸು ಮೇಯಿಸುತ್ತಾ ಓದುವಾಗ ಮೀಮಾಂಸೆ ಎಂಬ ಹಳೆಯ ದರ್ಶನದ ಒಂದು ವಿಚಾರ ಅವಳಿಗೆ ಸಿಕ್ಕಿತಂತೆ. ನಮಗೆ ಬಂದ ಅರಿವು ತಾನಾಗಿಯೇ ನಿಜ. ಅದನ್ನು ನಿಜವೆಂದು ಸಾಬೀತು ಮಾಡುವ ಹೊರೆ ನಮ್ಮ ಮೇಲಿಲ್ಲ. ಸುಳ್ಳು ಎನ್ನುವವನು ತಪ್ಪೆಲ್ಲಿದೆ ಎಂದು ತೋರಿಸಬೇಕು.

"ಅದನ್ನ ಓದಿ ನಾನು ಸುಮ್ನೆ ಕುಂತ್ಬುಟ್ಟೆ ಅಣ್ಣ. ಹಸು ಪಕ್ಕದೋರ ಹೊಲಕ್ಕೆ ನುಗ್ಗಿದ್ದೂ ತಿಳೀಲಿಲ್ಲ."

"ಓ, ರಾಮಕ್ಕ ಬಂದು ನನ್ನ ಬೈದಿದ್ದು ಅದಕ್ಕಾ!"

"ಅದಕ್ಕೇ" ಎಂದು ನಕ್ಕಳು. ಆ ರಾತ್ರಿ ಅಗುಳಿಯ ಅನುಮಾನ ಬಂದಾಗ ಎದ್ದು ಹೋಗುವ ಬದಲು, ಯಾಕೆ ಅನುಮಾನ, ಕಾರಣ ಹೇಳು ಎಂದು ಅನುಮಾನವನ್ನೇ ಕೇಳಿದಳಂತೆ. ಅದರ ಹತ್ತಿರ ಉತ್ತರವಿರಲಿಲ್ಲ. ಆದರೂ ಬೆಳಗಾಗುವವರೆಗೆ ನಿದ್ದೆ ಬರಲಿಲ್ಲವಂತೆ. "ಪುಸ್ತಕ ಒಂದು ದಿನಕ್ಕೆ ಅರ್ಥ ಆಯ್ತು. ಮೈಗೆ ಅರ್ಥ ಆಗಕ್ಕೆ ತಿಂಗಳುಗಟ್ಟಲೆ ಬೇಕಾಯ್ತು." ಎಂ.ಎ. ಮುಗಿಸಿ ಈ ಕಾಲೇಜಿನ ಸಂದರ್ಶನಕ್ಕೆ ನನಗೆ ಹೇಳದೆ ಒಬ್ಬಳೇ ಹೋದದ್ದು ಹಾಗೆ.

ಕೋರಮಂಡಲ್ ದಾಟುವಾಗ ಹಳೆಯ ಚಿನ್ನದ ಗಣಿಯ ಪುಡಿ ಸುರಿದು ಆದ ಬೂದುಬಣ್ಣದ ದಿಬ್ಬಗಳು ಕಾಣಿಸಿದವು. ಊರ್ಗಾಂನಲ್ಲಿ ಇಳಿದು ಆಟೋದಲ್ಲಿ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್‌ಗೆ ಹೋದೆವು. ಆಟೋದವನು ಅವಳ ಜೊತೆ ತಮಿಳಿನಲ್ಲಿ, ನನ್ನ ಜೊತೆ ತೆಲುಗಿನಲ್ಲಿ, ಎದುರು ಬಂದ ಬೈಕಿನವನ ಜೊತೆ ಕನ್ನಡದಲ್ಲಿ ಮಾತಾಡಿದ. ಮೂರನೆಯದು ಬೈಗುಳ. ಒಂದು ಸಣ್ಣ ಹೋಟೆಲಿನಲ್ಲಿ ಪರೋಟ ತಿಂದೆವು. ಅವಳು ಎರಡು ತಿಂದಳು, ನನ್ನ ಎಲೆಯಲ್ಲಿದ್ದದ್ದು ಹಾಗೇ ಉಳಿಯಿತು.

ಕೂಟ ಸೇರುವುದು ಒಂದು ಅಂಗಡಿಯ ಮಹಡಿಯ ಮೇಲೆ. ಪ್ಲಾಸ್ಟಿಕ್ ಕುರ್ಚಿಗಳು, ಗಲಾಟೆ ಮಾಡುವ ಒಂದು ಫ್ಯಾನು. ವಿದ್ಯಾರ್ಥಿಗಳು, ಟೀಚರುಗಳು, ಗಣಿಯಲ್ಲಿ ದುಡಿದು ಕೂದಲು ನೆರೆತವರು. ಮಂಜುಳ ಎದ್ದು ನಿಂತು ಹಾಲಿನಿಂದಲೇ ಶುರು ಮಾಡಿದಳು. "ಹಾಲಿನ ಮೇಲೆ ಅನುಮಾನ ಬಂದರೆ ಲ್ಯಾಕ್ಟೋಮೀಟರ್ ಬಿಡುತ್ತೇವೆ. ಲ್ಯಾಕ್ಟೋಮೀಟರ್ ಮೇಲೆ ಅನುಮಾನ ಬಂದರೆ ಇನ್ನೊಂದು ಬೇಕು. ಅದರ ಮೇಲೂ ಬಂದರೆ ಮೂರನೆಯದು. ಅಷ್ಟರಲ್ಲಿ ಹಾಲು ಒಡೆದುಹೋಗುತ್ತದೆ. ನನ್ನ ಕೆಲವು ವರ್ಷಗಳು ಹಾಗೆ ಒಡೆದುಹೋದವು." ನಾನು ತಲೆ ತಗ್ಗಿಸಿದೆ. ನನ್ನ ಹೆಸರು ಮಾತ್ರ ಅವಳು ಎತ್ತಲಿಲ್ಲ.

ಮಾತು ಮುಗಿದ ಮೇಲೆ ಗಣಿಯಲ್ಲಿದ್ದ ಮುದುಕರೊಬ್ಬರು ಎದ್ದರು. ತಮಿಳು ಬೆರೆತ ಕನ್ನಡ. "ಏನಮ್ಮಾ, ನಾನು ಒಳಗೆ ಕೆಲಸ ಮಾಡಿದೋನು. ಅನುಮಾನ ಪಡದೇ ಇದ್ರೆ ಅಲ್ಲಿ ಆಳು ಉಳಿಯಲ್ಲ. ನೀನು ಬೇಡ ಅಂತೀಯಾ?"

"ಬೇಡ ಅನ್ನಲಿಲ್ಲ ತಾತಾ. ಮೇಲಿನ ಕಲ್ಲು ತಟ್ಟಿ ನೋಡ್ತಿದ್ರಿ ಅಲ್ವಾ? ಸದ್ದು ಟೊಳ್ಳು ಬಂದ್ರೆ?"

"ಹೊರಗೆ ಓಟ."

"ಗಟ್ಟಿ ಬಂದ್ರೆ?"

"ಕೆಲಸ."

"ಗಟ್ಟಿ ಬಂದ ಮೇಲೂ ದಿನವೆಲ್ಲಾ ತಟ್ತಾನೇ ಕೂತಿದ್ರೆ?"

"ಮೇಸ್ತ್ರಿ ಒದೀತಿದ್ದ!" ಎಂದರು ಮುದುಕರು. ಸಭೆಯೆಲ್ಲ ನಕ್ಕಿತು, ಅವರೂ ನಕ್ಕರು. "ಸರಿದಾಮ್ಮಾ, ಒಪ್ಪಿದೆ" ಎಂದು ಕುಳಿತರು.

ಆಗ ಮಂಜುಳ ನನ್ನ ಕಡೆ ನೋಡಿದಳು. "ನಮ್ಮಣ್ಣ ಬಂದವ್ನೆ. ಕೇಳಣ್ಣ."

ಎದ್ದೆ. ಬೇರೇನಾದರೂ ಕೇಳಿ ಕುಳಿತುಬಿಡೋಣ ಎನಿಸಿತು. ಆದರೆ ಕರೆದದ್ದು ಅದಕ್ಕಲ್ಲ. "ಇಷ್ಟೊತ್ತು ಯೋಳಿದೆಯಲ್ಲ ಮಂಜುಳ, ಇದೆಲ್ಲಾ ಗ್ಯಾರಂಟಿನಾ?"

ಅವಳ ಬಲಗೈ ಮೇಜಿನ ಮೇಲಿದ್ದ ಕಾಗದಗಳ ಕಡೆಗೆ ಹೋಯಿತು. ಕೈ ಕಾಗದಗಳ ಮೇಲೆ ಒಂದು ಕ್ಷಣ ನಿಂತು, ಮುಟ್ಟದೆ ಹಿಂದಕ್ಕೆ ಬಂತು.

"ಯಾಕಣ್ಣ ಅನುಮಾನ? ಕಾರಣ ಯೋಳು."

ಹುಡುಕಿದೆ. ನಿಜವಾಗಿಯೂ ಹುಡುಕಿದೆ. "ಕಾರಣ ಏನೂ ಇಲ್ಲ. ಭಯ ಅಷ್ಟೇ."

"ಭಯ ಕಾರಣ ಅಲ್ಲ. ತಪ್ಪು ಕಂಡ ದಿನ ಬಂದು ತೋರ್ಸು, ನಾನೇ ತಿದ್ಕೊತೀನಿ. ಅಲ್ಲೀವರ್ಗೂ ಗ್ಯಾರಂಟಿ."

ಚಪ್ಪಾಳೆ ಬಿತ್ತು. ಪಕ್ಕದವರು ನನ್ನ ತೊಡೆ ತಟ್ಟಿ, "ನಿಮ್ಮ ತಂಗಿಯಾ?" ಎಂದರು. ಹೌದು ಎಂದೆ. ಯಾರ ಮುಂದೆಯೂ ಅಷ್ಟು ಜೋರಾಗಿ ನಾನು ಹೌದು ಎಂದಿರಲಿಲ್ಲ.

ಆಮೇಲೆ ಟೀ ಅಂಗಡಿಯಲ್ಲಿ, ಹೇಳಲೇಬೇಕಾದದ್ದನ್ನು ಹೇಳಿದೆ. "ಅವತ್ತು ಸ್ಟೇಷನ್ನಾಗೆ ಅಂಗೆ ಕೇಳಿದ್ದು ಕಾಳಜಿಗೆ ಅಂತ ಊರಿಗೆಲ್ಲಾ ಯೋಳ್ಕೊಂಡು ಬಂದೆ. ಕಾಳಜಿ ಅಲ್ಲ. ಈ ಹುಡುಗಿ ಕೈಲಿ ಏನೂ ಆಗಲ್ಲ ಅಂತ ಒಳಗೇ ತೀರ್ಮಾನ ಮಾಡಿದ್ದೆ ಮಂಜುಳ."

ಅವಳು ಲೋಟ ಕೆಳಗಿಟ್ಟಳು. "ನಂಗೆ ಅವತ್ತೇ ಗೊತ್ತಿತ್ತು. ಬಾಳ ನೋವಾಯ್ತು. ನೀನೀಗ ಯೋಳಿದ್ದು ಒಳ್ಳೇದಾಯ್ತು. ಆದ್ರೆ ನೀನು ಯೋಳ್ದೇ ಇದ್ರೂ ನಾನು ಇವತ್ತು ಮಾತಾಡ್ತಿದ್ದೆ" ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಟೀ ದುಡ್ಡು ಅವಳೇ ಕೊಟ್ಟಳು.

ಸಂಜೆಯ ರೈಲಿಗೆ ನನ್ನನ್ನು ಹತ್ತಿಸಲು ಊರ್ಗಾಂವರೆಗೆ ಬಂದಳು. ಅವಳ ಮೂವರು ವಿದ್ಯಾರ್ಥಿನಿಯರೂ ಹಿಂದೆಯೇ ಬಂದಿದ್ದರು. ಮನುಷ್ಯ ಕನಸಿನಲ್ಲಿ ಕಂಡದ್ದೂ ತಾನಾಗಿಯೇ ನಿಜವೇ ಎಂಬುದು ಅವರ ಜಗಳ. ರೈಲು ಬಂತು, ನಾನು ಹತ್ತಿ ಬಾಗಿಲಲ್ಲಿ ನಿಂತೆ. ಮೊದಲಾಗಿದ್ದರೆ, ಅಣ್ಣ ಹತ್ತಿದನೋ ಇಲ್ಲವೋ ಎಂದು ಗಾಡಿ ಮರೆಯಾಗುವವರೆಗೆ ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದಳು. ಈಗ ನನಗೆ ಬೆನ್ನು ಮಾಡಿ, ಕೈ ಎತ್ತಿ ಎತ್ತಿ ಆ ಹುಡುಗಿಯರಿಗೆ ಏನನ್ನೋ ವಿವರಿಸುತ್ತಿದ್ದಳು. ರೈಲು ಹೊರಟಿತು. ಅವಳು ತಿರುಗಿ ನೋಡಲಿಲ್ಲ.