ನಮ್ಮ ಬೀದಿಯ ಲಾಡ್ಜ್ ವಿರೋಧಿ ಹೋರಾಟ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ಭಾರೀ ಪ್ರತಿಭಟನೆ. ಮೂಲೆಯ ಅಂಗಡಿ ಕಟ್ಟಡವನ್ನು ಲಾಡ್ಜ್ ಮಾಡಲು ಹೊರಟ ಮಾಲೀಕರ ಎದುರು, ಪಕ್ಕದ ಮನೆಯ ನಂಜುಂಡಪ್ಪನವರು ಮೈಕ್ ಹಿಡಿದು ಗುಡುಗಿದರು: "ಸಂಸಾರಸ್ಥರು ಇರೋ ಜಾಗ ಕಣ್ರೀ ಇದು! ಯಾರ್ಯಾರೋ ಬಂದು ಮಲಗೋಕೆ ಬಿಡಲ್ಲ!"

ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಮಾಲೀಕರು ತಣ್ಣಗೆ ಕೇಳಿದರು: "ಮೊನ್ನೆ ನೀವೇ ಮಗಳ ಲಗ್ನಪತ್ರಿಕೆ ಕೊಟ್ರಲ್ಲ ಸಾರ್. ಧಾರವಾಡದಿಂದ ಬರೋ ಬೀಗರನ್ನ ಎಲ್ಲಿ ಉಳಿಸ್ತೀರಾ?"

ನಂಜುಂಡಪ್ಪನವರ ಹೆಂಡತಿ ಮೈಕ್ ಕಿತ್ತುಕೊಂಡರು: "ಬಾತ್‌ರೂಮಲ್ಲಿ ಬಿಸಿನೀರು ಬರುತ್ತೇನಪ್ಪಾ? ಗಂಡಿನ ಕಡೆಯವರು ಮೊದಲು ಅದನ್ನೇ ನೋಡೋದು."

ಹೋರಾಟವೇನೂ ನಿಂತಿಲ್ಲ. ಬೇಡಿಕೆ ಮಾತ್ರ ಬದಲಾಗಿದೆ: ಮುಹೂರ್ತದೊಳಗೆ ಗೀಸರ್ ಹಾಕಿಸದಿದ್ದರೆ ಉಗ್ರ ಪ್ರತಿಭಟನೆ.